ಮಧುಮತಿ ಸುಮ್ಮನೆ ಕೂತು ಪಾಸಾದದ್ದು

ಫ್ರಾಂಕ್‌ಫರ್ಟಿನ ನಮ್ಮ ಕನ್ನಡ ಬಳಗದಲ್ಲಿ ಮಧುಮತಿ ಇಲ್ಲದೆ ಒಂದು ಊಟವೂ ನಡೆಯುವುದಿಲ್ಲ. ಯಾರು ಪಲ್ಯ ತರಬೇಕು, ಯಾರ ಮಕ್ಕಳು ಯಾವ ಹಾಡು ಹೇಳಬೇಕು, ಕೊನೆಗೆ ಹಾಲ್ ಯಾರು ಗುಡಿಸಬೇಕು, ಎಲ್ಲ ಆಕೆಯೇ ಹೇಳುತ್ತಾಳೆ. ಎಸ್-ಬಾನ್ ರೈಲು ನಿಲ್ದಾಣದಲ್ಲಿ ಅತ್ತಿತ್ತ ನೋಡುತ್ತಿದ್ದ ಒಬ್ಬ ಜರ್ಮನ್ ಮುದುಕನನ್ನು ಕೈಹಿಡಿದು ಸರಿಯಾದ ಪ್ಲಾಟ್‌ಫಾರ್ಮಿಗೆ ಬಿಟ್ಟುಬಂದದ್ದನ್ನು ನಾನೇ ನೋಡಿದ್ದೇನೆ. ಆತ ಹೆಂಡತಿಗಾಗಿ ಕಾಯುತ್ತಿದ್ದನಂತೆ. ಅದು ಆಮೇಲೆ ಗೊತ್ತಾಯಿತು.

ಹುಬ್ಬಳ್ಳಿಯಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಶೈಲೇಶ ಕಾರಿನ ಬ್ರೇಕು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್, ಮಾತು ಕಡಿಮೆ. ಮಗಳು ಪವಿ ಆರನೇ ಕ್ಲಾಸು. ಊರ ಹೊರಗಿನ ಇಂಟರ್‌ನ್ಯಾಷನಲ್ ಶಾಲೆಯೊಂದರಲ್ಲಿ ಮಧುಮತಿ ಟೀಚರು. ಅಕ್ಷರ ಹತ್ತದ, ಮಾತು ತಡವಾದ, ಒಂದೆಡೆ ಕೂರಲಾಗದ ಮಕ್ಕಳೆಲ್ಲ ಅವಳ ಪಾಲಿಗೆ. ಆ ಮಕ್ಕಳ ಹತ್ತಿರ ಆಕೆಯ ತಾಳ್ಮೆಗೆ ಕೊನೆಯೇ ಇಲ್ಲ. ದೊಡ್ಡವರ ಹತ್ತಿರ ಮಾತ್ರ ಶುರುವೇ ಇಲ್ಲ.

ವಿಭಾಗದ ಮುಖ್ಯಸ್ಥೆ ನಿವೃತ್ತಿಯಾಗುವವಳಿದ್ದಳು. ಆ ಜಾಗಕ್ಕೆ ವಿಶೇಷ ಶಿಕ್ಷಣದ ಆಡಳಿತಾಧಿಕಾರಿಯ ಲೈಸೆನ್ಸ್ ಬೇಕು, ನಮ್ಮದು ಅಮೆರಿಕದ ಪದ್ಧತಿಯ ಶಾಲೆ, ಅಲ್ಲಿಯ ಯೂನಿವರ್ಸಿಟಿಯಿಂದ ಆನ್‌ಲೈನ್ ಮಾಡಿದರೂ ನಡೆಯುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದರು.

"ಆಡಳಿತ ಅಂದ್ರ ನಾ ದಿನಾ ಮಾಡೂದ ಅಲ್ಲೇನ್ರಿ?" ಎಂದಳು ಮಧುಮತಿ ಗಂಡನಿಗೆ.

"ಹೌದು," ಎಂದ ಶೈಲೇಶ. ಆ ಒಂದು ಶಬ್ದದಲ್ಲಿ ಎಷ್ಟು ವರ್ಷಗಳ ಅನುಭವವಿತ್ತೆಂದು ಆಕೆಗೆ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಕ್ಲಾಸು. ಕಾನೂನು, ಸಿಬ್ಬಂದಿ, ಬಜೆಟ್ ಎಲ್ಲದರಲ್ಲೂ ಒಳ್ಳೆಯ ಮಾರ್ಕ್ಸ್. ಕೊನೆಯ ಭಾಗಕ್ಕೆ ಬಂದಾಗ ತೊಡಕಾಯಿತು. ಒಂದು ಮಗುವಿಗೆ ಏನು ಸಹಾಯ ಬೇಕೆಂದು ತಂದೆತಾಯಿ, ಟೀಚರು, ಥೆರಪಿಸ್ಟ್ ಕೂತು ನಿರ್ಧರಿಸುವ ಸಭೆಯನ್ನು ನಡೆಸಿ ತೋರಿಸಬೇಕು. ಸಹಪಾಠಿಗಳೇ ಪರದೆಯ ಮೇಲೆ ಒಂದೊಂದು ಪಾತ್ರ ವಹಿಸಿದರು. ಮಧುಮತಿ ಸಭೆಯನ್ನು ಹೇಳಿದ ಹೊತ್ತಿಗಿಂತ ಮುಂಚೆಯೇ ಮುಗಿಸಿ, ಎಲ್ಲರಿಗೂ ಕೆಲಸ ಹಂಚಿ, ಧನ್ಯವಾದವನ್ನೂ ಹೇಳಿ ಕೂತಳು.

ಪ್ರೊಫೆಸರ್ ವಯಸ್ಸಾದ ಹೆಂಗಸು. ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಬಹಳ ಅಚ್ಚುಕಟ್ಟು. ಆದರೆ ಆ ತಾಯಿ ಏನು ಹೇಳಬೇಕೆಂದು ಬಂದಿದ್ದಳೋ ನನಗಿನ್ನೂ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಯಿತೇ?"

ಫೇಲ್. ಈಗ ನಿಜವಾದ ಸಭೆಯನ್ನೇ ಚಿತ್ರೀಕರಿಸಿ ಕಳಿಸಬೇಕು.

"ಆಕಿ ಮಾತಾಡ್ಲೇ ಇಲ್ಲ, ಅದಕ್ಕ ನಾ ಏನ್ ಮಾಡ್ಲಿ?" ಎಂದು ಮಧುಮತಿ ಎರಡು ದಿನ ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಆ ಬೇಸಿಗೆಗೆ ಶೈಲೇಶನ ತಾಯಿ ಗೌರಕ್ಕ ಬಂದಿದ್ದರು. "ನಮ್ಮನ್ನ ಕುಂದ್ರಿಸಿಕೊಂಡು ಪ್ರಾಕ್ಟೀಸ್ ಮಾಡವಾ, ನಮಗೂ ಹೊತ್ತು ಹೋಗ್ತೈತಿ," ಎಂದರು. ಹೀಗೆ ಭಾನುವಾರ ಊಟವಾದ ಮೇಲೆ ಮೇಜಿನ ಸುತ್ತ ಸಭೆ ಸೇರಿತು. ಶೈಲೇಶ ಥೆರಪಿಸ್ಟ್. ಪವಿ ಟೀಚರು, ಆಕೆ ಬೆನ್ನು ನೆಟ್ಟಗೆ ಮಾಡಿ, "ಬಿಟ್ಟೆ, ಪ್ಯುಂಕ್ಟ್‌ಲಿಶ್," ಎಂದು, ಅಂದರೆ ದಯವಿಟ್ಟು ಹೊತ್ತಿಗೆ ಸರಿಯಾಗಿ ಎಂದು, ತಡವಾಗಿ ಬಂದ ಅಪ್ಪನನ್ನು ಜರ್ಮನ್ನಿನಲ್ಲಿ ಗದರಿ ಪಾತ್ರದೊಳಗೆ ಹೊಕ್ಕಳು. ಗೌರಕ್ಕ ಮಗುವಿನ ತಾಯಿ.

"ಹುಡುಗನ ಹೆಸರೇನ್ ಇಟ್ಕೊಳ್ಲಿ?" ಎಂದು ಕೇಳಿದರು.

"ಯಾವುದಾದ್ರೂ ಇಟ್ಕೋರಿ ಅತ್ತಿ."

ಗೌರಕ್ಕ ಸ್ವಲ್ಪ ಯೋಚಿಸಿದರು. "ಶೈಲೇಶ."

ಪವಿ ನಕ್ಕಳು. ಮಧುಮತಿ ಗಂಟಲು ಸರಿಮಾಡಿಕೊಂಡು, ನಿಮ್ಮ ಮಗನ ಬಗ್ಗೆ ಹೇಳಿ ಎಂದು ಕೇಳಿದಳು.

"ನನ್ನ ಹುಡುಗಗ ಅಕ್ಷರ ಕೂಡೂದಿಲ್ರಿ ಮೇಡಂ," ಎಂದು ಗೌರಕ್ಕ ಶುರುಮಾಡಿದರು. "ಸಾಲ್ಯಾಗ ಹಿಂದ ಕುಂದ್ರಸ್ತಾರ. ಮನ್ಯಾಗ ನಾ ರೊಟ್ಟಿ ಬಡೀತಿರ್ತೇನಿ, ಅವನ ಅಕ್ಕ ಪಾಠ ಓದತಾಳ, ಇವಾ ಕೇಳಿ ಕೇಳಿ ಎಲ್ಲಾ ಬಾಯಿಪಾಠ ಮಾಡ್ತಾನ. ಮಾಸ್ತರ ಓದಂದ್ರ ಪುಸ್ತಕ ಹಿಡಕೊಂಡು ಗಡಗಡ ಹೇಳ್ತಾನ. ಒಂದ್ ದಿನ ಸಾಹೇಬ್ರು ತಪಾಸಣಿಗೆ ಬಂದಾಗ ಪುಸ್ತಕ ತಲಿಕೆಳಗಾಗಿತ್ತು."

"ಯವ್ವಾ, ಸಾಕು ಬಿಡು," ಎಂದ ಶೈಲೇಶ. ಅವನ ಕಿವಿಗಳು ಕೆಂಪಾಗಿದ್ದವು.

ಮಧುಮತಿ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮುಚ್ಚಿದಳು. ನನಗೆ ತಿಳಿದ ಮಟ್ಟಿಗೆ ಇದು ಮೊದಲನೆಯ ಸಲ.

"ಸಣ್ಣ ಹುಡುಗರ ಕ್ಲಾಸಿನ್ಯಾಗ ನಿಲ್ಲಿಸಿದ್ರು," ಗೌರಕ್ಕ ಮುಂದುವರಿಸಿದರು. ಈಗ ಅವರು ಪಾತ್ರ ಮಾಡುತ್ತಿರಲಿಲ್ಲ. "ನಾ ಸಾಲಿಗೆ ಹೋದೆ. ನನ್ನ ಮಗಾ ಒಮ್ಮಿ ಕೇಳಿದ್ದನ್ನ ಮರಿಯೂದಿಲ್ರಿ, ಅವನ ಕೈಯಾಗ ಸೈಕಲ್ ಕೊಟ್ರ ಬಿಚ್ಚಿ ಜೋಡಿಸ್ತಾನ್ರಿ ಅಂತ ಹೇಳಬೇಕಂತ ಹೋಗಿದ್ದೆ. ಮಾಸ್ತರ ತಾವ ಎಲ್ಲಾ ಹೇಳಿದ್ರು, ನಾ ತಲಿ ಅಲ್ಲಾಡಿಸಿ ಬಂದೆ."

ಮಧುಮತಿಗೆ ಒಂದೊಂದೇ ನೆನಪಾಗುತ್ತಿತ್ತು. ಮನೆಗೆ ಬಂದ ಜರ್ಮನ್ ಕಾಗದಗಳನ್ನೆಲ್ಲ "ನೀನ ಓದಿ ಹೇಳು" ಎನ್ನುವ ಗಂಡ. ಹೋಟೆಲಿನಲ್ಲಿ ಮೆನು ತೆರೆಯದೆ "ನಿನಗೇನೋ ನನಗೂ ಅದ" ಎನ್ನುವ ಗಂಡ. ಪವಿ ಸಣ್ಣವಳಿದ್ದಾಗ ಪುಸ್ತಕ ಓದದೆ ಬಾಯಿಂದಲೇ ಕಥೆ ಕಟ್ಟಿ ಹೇಳಿದ ಗಂಡ. ಇಷ್ಟು ಕಾಲ ಅದಕ್ಕೆಲ್ಲ ಆಕೆ ಸೋಮಾರಿತನ ಎಂಬ ಒಂದೇ ಹೆಸರಿಟ್ಟಿದ್ದಳು. ಬೇರೆಯವರ ಮಕ್ಕಳಲ್ಲಾದರೆ, ಬುದ್ಧಿ ಚುರುಕಿದ್ದೂ ಓದು ಕಷ್ಟವಾಗುವ ಇದೇ ತೊಡಕನ್ನು ವಾರದೊಳಗೆ ಗುರುತಿಸಿ ವರದಿ ಬರೆಯುವವಳು.

"ಯಾಕ ಹೇಳಲಿಲ್ರಿ?" ಎಂದಳು ಕೊನೆಗೆ, ಮೆಲ್ಲಗೆ.

ಶೈಲೇಶ ಮೇಜಿನ ಮೇಲಿನ ರೊಟ್ಟಿಯ ತುಣುಕುಗಳನ್ನು ಬೆರಳಿನಿಂದ ಒಟ್ಟುಮಾಡುತ್ತ ಹೇಳಿದ: "ಹೇಳಬೇಕಂತ ಇತ್ತು. ಸಂದು ಸಿಗಲಿಲ್ಲ."

ಪವಿ ಕಿಸಕ್ಕನೆ ನಕ್ಕಳು, ಗೌರಕ್ಕನೂ ನಕ್ಕರು. ಮಧುಮತಿ ನಗಬೇಕೋ ಅಳಬೇಕೋ ತಿಳಿಯದೆ ಎದ್ದು ಚಹಾಕ್ಕಿಟ್ಟಳು. ಅವನು ಅಡುಗೆಮನೆಗೆ ಹೋಗಿ ಪಕ್ಕ ನಿಂತ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಚಹಾ ಅಂತೂ ಬಹಳ ತಡವಾಗಿ ಬಂತು, ಕುದಿದು ಕಹಿಯಾಗಿತ್ತೆಂದು ಗೌರಕ್ಕ ಹೇಳಿದರು.

ನಿಜವಾದ ಸಭೆ ಮುಂದಿನ ತಿಂಗಳು ಶಾಲೆಯಲ್ಲಿ. ಒಬ್ಬ ಹುಡುಗ ತರಗತಿಯಲ್ಲಿ ಒಂದು ಸಾಲೂ ಬರೆಯುವುದಿಲ್ಲ ಎಂಬುದು ದೂರು. ಅವನ ತಂದೆ ಪೋಲೆಂಡಿನವನು, ವಿಮಾನ ನಿಲ್ದಾಣದಲ್ಲಿ ಕೆಲಸ, ಕೈಕಟ್ಟಿ ಕೂತಿದ್ದ. ಚಿತ್ರೀಕರಣಕ್ಕೆ ಒಪ್ಪಿದ್ದೇ ಅವನ ದೊಡ್ಡ ಮಾತು. ಮಧುಮತಿ ಕೇಳಿದಳು: "ಮನೆಯಲ್ಲಿ ಅವನು ಹೇಗಿರುತ್ತಾನೆ?" ಕೇಳಿ ಸುಮ್ಮನಾದಳು. ತಂದೆ ಕಿಟಕಿಯತ್ತ ನೋಡಿದ. ಆಕೆಯ ನಾಲಿಗೆಯ ತುದಿಯಲ್ಲಿ ಒಳ್ಳೆಯ ನಾಲ್ಕು ಉತ್ತರಗಳಿದ್ದವು. ಬೂಟಿನೊಳಗೆ ಕಾಲ್ಬೆರಳು ಮಡಚಿ ಹಿಡಿದು ಕೂತಳು. ಕ್ಲಾಸ್ ಟೀಚರ್ ಎರಡು ಸಲ ಕೆಮ್ಮಿದಳು.

"ದಿನಾ ಸಂಜೆ ತಂಗಿಗೆ ಕಥೆ ಹೇಳುತ್ತಾನೆ," ಎಂದ ತಂದೆ. "ತಾನೇ ಕಟ್ಟಿದ್ದು. ನಿನ್ನೆ ಬಿಟ್ಟಲ್ಲಿಂದ ಇವತ್ತು ಶುರು. ನಾನೂ ಬಾಗಿಲಲ್ಲಿ ನಿಂತು ಕೇಳುತ್ತೇನೆ."

ಆಮೇಲೆ ಆತ ನಿಲ್ಲಿಸಲೇ ಇಲ್ಲ. ಹುಡುಗ ಸದ್ಯಕ್ಕೆ ಉತ್ತರಗಳನ್ನು ಮಾತಿನಲ್ಲಿ ರೆಕಾರ್ಡ್ ಮಾಡಿ ಕೊಡಲಿ, ಬರವಣಿಗೆಯನ್ನು ಪಕ್ಕದಲ್ಲೇ ನಿಧಾನವಾಗಿ ಕಲಿಸೋಣ ಎಂದು ಎಲ್ಲರೂ ಸೇರಿ ಒಪ್ಪಿದರು.

ಪ್ರೊಫೆಸರ್ ಪಾಸ್ ಮಾಡಿದರು. "ಮಧ್ಯೆ ಒಂದು ಕಡೆ ಎಷ್ಟು ಹೊತ್ತು ಶಬ್ದವಿರಲಿಲ್ಲವೆಂದರೆ, ನನ್ನ ಇಂಟರ್ನೆಟ್ ಹೋಯಿತೆಂದು ಎರಡು ಸಲ ಎದ್ದು ನೋಡಿದೆ," ಎಂದೂ ಸೇರಿಸಿದರು.

ಲೈಸೆನ್ಸ್ ಈಮೇಲಿನಲ್ಲಿ ಬಂತು, ಶಾಲೆ ಆ ಜಾಗವನ್ನೂ ಕೊಟ್ಟಿತು. ಕರಿ ಗೌನು, ಟೊಪ್ಪಿಗೆ, ಫೋಟೋ ಏನೂ ಇಲ್ಲವೆಂದು ಗೌರಕ್ಕನಿಗೆ ಬೇಜಾರು. ಆದರೂ ಅಂದೇ ಧಾರವಾಡದ ತಂಗಿ ಬಸಕ್ಕನಿಗೆ ಫೋನ್ ಹಚ್ಚಿದರು.

"ನಮ್ಮ ಸೊಸಿ ಪಾಸಾದ್ಳು. ಭಾಳ ದೊಡ್ಡ ಪರೀಕ್ಷಾ. ಏನೂ ಮಾತಾಡದ ಸುಮ್ಮ ಕುಂದ್ರಬೇಕಾಗಿತ್ತು."

ಆ ಕಡೆಯಿಂದ ಬಸಕ್ಕ ಕೇಳಿದರು: "ಯಾರು, ಮಧುನಾ?"