ಬಸುರಿಯರನ್ನು ವಾಪಸ್ ಕರೆಯುವ ಫೋನಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸುರಿಯರ ತಪಾಸಣೆ ಕೇಂದ್ರದ ಹಿಂಬದಿಯಲ್ಲಿ, ಸ್ಕ್ಯಾನಿಂಗ್ ಕೋಣೆಗೆ ಅಂಟಿಕೊಂಡ ಗೂಡಿನಂಥ ಜಾಗದಲ್ಲಿ ಆಕೆ ಗಂಟಲು ಸರಿಮಾಡಿಕೊಂಡು ಫೋನ್ ಎತ್ತಿಕೊಳ್ಳುತ್ತಾರೆ. ಇಷ್ಟು ಬೇಗ ಯಾಕಪ್ಪಾ ಅಂದರೆ, ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ಗಂಡ ಕೆಲಸಕ್ಕೆ ಹೊರಟರೆ ಅದೂ ಅವನ ಜೇಬಿನಲ್ಲಿ ಹೊರಟುಬಿಡುತ್ತದೆ.

ಇಲ್ಲಿ ಎಲ್ಲರಿಗೂ ಈಕೆ ಫೋನಕ್ಕ. ಬಸುರಿಯ ರಕ್ತದಲ್ಲಿ ಸೋಂಕು ಕಂಡರೆ, ಸ್ಕ್ಯಾನಿಂಗಿನಲ್ಲಿ ಮಗುವಿನ ಹೃದಯವೋ ಬೆನ್ನುಮೂಳೆಯೋ ಯಾಕೋ ಸರಿಯಿಲ್ಲ ಅನ್ನಿಸಿದರೆ, ಅವಳನ್ನು ಮತ್ತೆ ಕರೆಸುವುದು ಈಕೆಯ ಕೆಲಸ. ಕಂಡುಹಿಡಿದ ಡಾಕ್ಟರಿಗೆ ಜನ ಕೈಮುಗಿಯುತ್ತಾರೆ, ಮುಗಿಯಲಿ. ಆದರೆ ಕಂಡದ್ದು ಈ ನಾಲ್ಕು ಗೋಡೆಯೊಳಗೇ ಉಳಿದರೆ ಯಾರಿಗೇನು ಬಂತು? ದಿನಕ್ಕೆ ಮೂವತ್ತು ನಲವತ್ತು ಕರೆ ಮಾಡುತ್ತಾರೆ. ಅರ್ಧಕ್ಕರ್ಧ ಜನ ಎತ್ತುವುದೇ ಇಲ್ಲ. “ಒಬ್ಳು ನನ್ನ ನಂಬರನ್ನ ‘ಎತ್ತಬೇಡ’ ಅಂತ ಸೇವ್ ಮಾಡ್ಕೊಂಡಿದ್ಲು. ಅದನ್ನ ನಂಗೇ ತೋರ್ಸಿದ್ಲು, ಮಹರಾಯ್ತಿ,” ಎಂದು ನಗುತ್ತಾರೆ.

ಮೊದಲು ಇಲ್ಲೇ ನೆಲ ಒರೆಸುತ್ತಿದ್ದರು. ಮಾತು ಮೆತ್ತಗಿದೆ ಅಂತ ಹಿರಿಯ ನರ್ಸೊಬ್ಬರು ಫೋನಿನ ಮುಂದೆ ಕೂರಿಸಿದರು. ಈ ಮೆತ್ತಗಿನ ದನಿಯನ್ನು ಫೋನಕ್ಕನ ಮಗಳು ಮಾತ್ರ ಇವತ್ತಿನವರೆಗೂ ಕೇಳಿಲ್ಲ. ಹುಡುಗಿ ಹುಟ್ಟುಕಿವುಡಿ, ಈಗ ಹೊಲಿಗೆ ಅಂಗಡಿಯಲ್ಲಿ ಕೆಲಸ.

“ನಾನು ಬಸುರಿ ಇದ್ದಾಗ ಜ್ವರ ಬಂದು ಮೈಯೆಲ್ಲ ಕೆಂಪು ಗುಳ್ಳೆ ಎದ್ದಿತ್ತು. ರಕ್ತ ತಗೊಂಡ್ರು. ಏನು ಬಂತು ಅಂತ ಯಾರೂ ಹೇಳ್ಲಿಲ್ಲ. ಮಗು ಕಿವಿ ಹೋಗಿದ್ದು ಆ ಜ್ವರದಿಂದ್ಲೇ. ಆಗ್ಲೇ ಗೊತ್ತಾಗಿದ್ರೂ ಕಿವಿ ಬರ್ತಿರ್ಲಿಲ್ಲ, ಡಾಕ್ಟ್ರೇ ಹೇಳಿದಾರೆ. ಆದ್ರೆ ಎರಡು ವರ್ಷ ಕೂಗಿ ಕೂಗಿ, ತಿರುಗದ ಮಗೂನ ಹಟಮಾರಿ ಅಂತ ಬೈತಿರ್ಲಿಲ್ಲ. ಮೊದಲ ದಿನದಿಂದ್ಲೇ ಕೈಸನ್ನೆ ಕಲೀತಿದ್ದೆ.”

ಈ ವಾರವೆಲ್ಲ ಆಕೆಗೆ ಒಂದೇ ಮನೆಯ ಚಿಂತೆ. ಆ ಮನೆಯ ಬಸುರಿಯ ರಕ್ತದಲ್ಲಿ ಸೋಂಕಿದೆ. ಈಗಲೇ ಇಂಜೆಕ್ಷನ್ ಶುರುಮಾಡಿದರೆ ಮಗುವನ್ನು ಕಾಪಾಡಬಹುದು, ತಡವಾದರೆ ಅದರ ಜೀವಕ್ಕೇ ಕುತ್ತು. ಆದರೆ ವಿಷಯವನ್ನು ಅವಳಿಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿಲ್ಲ. ಫೋನು ಇರುವುದೋ ಅತ್ತೆಯ ಕೈಯಲ್ಲಿ. ಅತ್ತೆ ಜಪ್ಪಯ್ಯ ಅಂದರೂ ಕೊಡುತ್ತಿಲ್ಲ.

“ನಮ್ಮ ಸೊಸೆ ಕಲ್ಲುಗುಂಡಿನ ಹಾಗಿದಾಳೆ. ಏನಿದ್ರೂ ನಂಗೆ ಹೇಳಿ,” ಎಂದು ಇವತ್ತೂ ಅತ್ತೆಯದು ಅದೇ ರಾಗ.

“ಅವ್ರಿಗೇ ಹೇಳ್ಬೇಕಮ್ಮ.”

“ಹಾಗಾದ್ರೆ ಇಡಿ.”

ಫೋನಕ್ಕ ಇಡುವುದಿಲ್ಲ. “ನಿಮ್ಗೆಷ್ಟು ಮಕ್ಳಮ್ಮ?” ಎಂದು ಕೇಳುತ್ತಾರೆ.

“ಇರೋನು ಒಬ್ಬ. ಅವನಿಗಿಂತ ಮುಂಚೆ ಒಂದು ಹೋಯ್ತು. ಯಾಕೆ ಹೋಯ್ತು ಅಂತ ಯಾರೂ ಹೇಳ್ಲಿಲ್ಲ.”

“ನಂಗೂ ಯಾರೂ ಹೇಳ್ಲಿಲ್ಲಮ್ಮ. ಅದಕ್ಕೇ, ನೀವು ದಿನಾ ಬೈದ್ರೂ ಫೋನ್ ಮಾಡ್ತಿದೀನಿ.”

ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅತ್ತೆ ಒಳಗೆ ತಿರುಗಿ ಕರೆಯುವುದು ಕೇಳುತ್ತದೆ: “ಬಾರೇ ಇಲ್ಲಿ. ನಿಂಗೇ ಅಂತೆ.”

ವಿಷಯ ಕೇಳಿದ ಸೊಸೆ ಇವತ್ತೇ ಬರುತ್ತಾಳಂತೆ, ಜೊತೆಗೆ ಅತ್ತೆಯೂ. ಫೋನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನೀರು ಕುಡಿದು, ಮುಂದಿನ ನಂಬರ್ ಒತ್ತುತ್ತಾರೆ.

ಇಲ್ಲಿ ನಡೆಯುವುದು ಪರೀಕ್ಷೆ, ಚಿಕಿತ್ಸೆ ಅಷ್ಟೇ. ಹೆರಿಗೆ ಬೇರೆ ಕಡೆ. ಮಗು ಹುಟ್ಟಿದ ಮೇಲೆ ಈ ನಂಬರಿಗೆ ತಿರುಗಿ ಫೋನ್ ಮಾಡಿದವರು ಒಬ್ಬರೂ ಇಲ್ಲ. ಕೆಟ್ಟ ಸುದ್ದಿ ಬಂದ ನಂಬರು ಯಾರಿಗೆ ಬೇಕು ಹೇಳಿ? ಬೇಜಾರಿಲ್ಲವೇ ಅಂದರೆ, ಇದೆ. ತುಂಬ ಇದೆ.

“ಅಳೋ ಮಗು ಅಮ್ಮನ ದನಿ ಕೇಳಿದ್ರೆ ಸುಮ್ನಾಗುತ್ತಂತೆ. ನನ್ನ ಮಗಳು ಎತ್ಕೊಂಡ್ರೆ ಸುಮ್ನಾಗೋಳು, ಕರೆದ್ರೆ ಅಲ್ಲ. ಯಾರಾದ್ರೂ ಒಬ್ಳು ಫೋನ್ ಮಾಡ್ಲಿ. ಮಗು ಅಳ್ತಿರ್ಬೇಕು, ಅವ್ಳು ದೂರದಿಂದ್ಲೇ ‘ಬಂದೆ ಕಂದ’ ಅನ್ಬೇಕು. ಅದು ಸುಮ್ನಾಗೋದನ್ನ ನಾನು ಒಂದ್ಸಲ ಕೇಳ್ಬೇಕು.”