ಹೊಸಬಾಳೆ ಬಾವಿಯಲ್ಲಿ ಕಂಡ ಸೊನ್ನೆ

ಮೂರು ವರ್ಷದ ಹಿಂದಿನ ಬೇಸಿಗೆ. ಶಿಕಾರಿಪುರ, ಸೊರಬ ಎರಡೂ ಕಡೆ ಓಡಾಡುವ ರಕ್ಷಣಾ ತಂಡದಲ್ಲಿ ನಾನು ಲೀಡಿಂಗ್ ಫೈರ್‌ಮನ್. ನಿವೃತ್ತಿ ಹತ್ತಿರವಿತ್ತು, ಎಲ್ಲಾ ಗೊತ್ತು ಅನ್ನುವ ಕೊಬ್ಬೂ ಇತ್ತು.

ಮಧ್ಯಾಹ್ನ ಹೊಸಬಾಳೆಯಿಂದ ಕರೆ. ಬಾವಿಯ ನೀರು ತಳ ಕಂಡಿದ್ದರಿಂದ ಡೀಸೆಲ್ ಪಂಪನ್ನು ಒಳಗಿನ ಕಟ್ಟೆಗೇ ಇಳಿಸಿ ಓಡಿಸಿದ್ದರು. ಎಂಜಿನ್ ಯಾಕೆ ನಿಂತಿತೆಂದು ನೋಡಲು ಇಳಿದ ಬಸವರಾಜ ಕಟ್ಟೆಯ ಮೇಲೇ ಕುಸಿದಿದ್ದ. ಊರವರು ರೂಢಿಯಂತೆ ಉರಿಯುವ ಲಾಟೀನು ಇಳಿಬಿಟ್ಟಿದ್ದರು.

"ದೀಪ ಉರೀತಾ ಇದೆಯಲ್ರೀ, ಒಳಗೆ ಗಾಳಿ ಇದೆ. ಬೇಗ ಇಳೀರಿ," ಎಂದಳು ಅವನ ಹೆಂಡತಿ ಗೌರಮ್ಮ.

ದೀಪ ಹೇಳುವುದು ಆಮ್ಲಜನಕದ ಮಾತು ಮಾತ್ರ. ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ದೀಪವನ್ನೂ ಅದು ಆರಿಸುವುದಿಲ್ಲ. ಅದಕ್ಕೇ ನಮ್ಮ ಹತ್ತಿರ ಮೀಟರ್ ಇರುವುದು. ಅದರ ಸೆನ್ಸರ್‌ನೊಳಗೆ ಒಂದಿಷ್ಟು ರಾಸಾಯನಿಕ ದ್ರವ, ಅದರಲ್ಲಿ ಎಲೆಕ್ಟ್ರೋಡುಗಳು. ತೆಳು ಪೊರೆ ದಾಟಿ ಬಂದ ವಿಷಾನಿಲ ಎಲೆಕ್ಟ್ರೋಡಿನ ಮೇಲೆ ವರ್ತಿಸಿ ಚೂರು ವಿದ್ಯುತ್ ಹುಟ್ಟಿಸುತ್ತದೆ. ಅನಿಲ ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು, ಪರದೆಯ ಅಂಕಿಯೂ ಹೆಚ್ಚು; ಮಿತಿ ಮೀರಿದರೆ ಯಂತ್ರ ಕಿರುಚುತ್ತದೆ.

ಹಗ್ಗ ಕಟ್ಟಿ ಮೀಟರ್ ಇಳಿಸಿ ಮೇಲೆಳೆದೆ. ಕೆಳಗೆ ಕಂಡ ಅತಿ ಹೆಚ್ಚಿನ ಅಂಕಿಯನ್ನು ಅದು ಹಿಡಿದಿಟ್ಟು ತೋರಿಸುತ್ತದೆ. ಸೊನ್ನೆ. ಮುಖವಾಡ, ಸಿಲಿಂಡರ್ ಕಟ್ಟಿಕೊಳ್ಳುತ್ತಾ ಕೂತರೆ ತಡವಾದೀತೆಂದು ನನ್ನ ಜೊತೆಗಾರ ರಹೀಮನಿಗೆ ಹಾಗೇ ಇಳಿ ಎಂದೆ.

ಅವನು ಅರ್ಧ ಇಳಿದಿದ್ದ. ಹಗ್ಗ ಎಳೆಯಲು ಚಾಲೂ ಇಟ್ಟಿದ್ದ ಜೀಪಿನ ಹೊಗೆ ನನ್ನ ಗಂಟಲಿಗೆ ಅಡರಿ ಕೆಮ್ಮು ಬಂತು. ಕೈಯಲ್ಲಿದ್ದ ಮೀಟರ್ ನೋಡಿದೆ. ಆಗಲೂ ಸೊನ್ನೆ. ಓಡಿಹೋಗಿ ಸೈಲೆನ್ಸರ್ ಬಾಯಿಗೇ ಹಿಡಿದೆ. ಕಿರುಚಬೇಕಿದ್ದ ಯಂತ್ರ ಉಸಿರೆತ್ತಲಿಲ್ಲ. ಒಳಗಿನ ದ್ರವ ಒಣಗಿ ಸೆನ್ಸರ್ ಯಾವಾಗಲೋ ಸತ್ತಿತ್ತು; ವಿದ್ಯುತ್ತೇ ಹುಟ್ಟದಿದ್ದರೆ ಅಂಕಿ ಸೊನ್ನೆಯೇ. ಪ್ರತಿ ತಿಂಗಳೂ ಸ್ವಿಚ್ ಒತ್ತಿ, ಸೊನ್ನೆ ಕಂಡರೆ 'ಸರಿಯಿದೆ' ಎಂದು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದವನು ನಾನೇ.

"ಎಳೀರಿ, ರಹೀಮನ್ನ ಮೇಲೆ ಎಳೀರಿ!"

ಮೇಲೆ ಬಂದವನು ತಲೆ ಹಿಡಿದುಕೊಂಡು ವಾಂತಿ ಮಾಡಿದ. ಗೌರಮ್ಮ ನನ್ನನ್ನೇ ನೋಡುತ್ತಿದ್ದಳು. ಮುಖವಾಡ ಕಟ್ಟಿಕೊಂಡು ನಾನೇ ಇಳಿದೆ. ಬಸವರಾಜನ ಸೊಂಟಕ್ಕೆ ಹಗ್ಗದ ಗಂಟು ಮೂರನೇ ಸಲಕ್ಕೆ ಕೂತಿತು. ಉಸಿರು ಇನ್ನೂ ಇತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ವಾರವಿದ್ದು ಬದುಕಿಕೊಂಡ, ಪುಣ್ಯಾತ್ಮ.

ಯಂತ್ರ ಸೊನ್ನೆ ತೋರಿಸಿದರೆ ವಿಷವಿಲ್ಲ ಎಂದಾಗಬಹುದು, ಯಂತ್ರವೇ ಸತ್ತಿದೆ ಎಂದೂ ಆಗಬಹುದು. ಅದನ್ನು ನಾನು ಕಲಿತದ್ದು ಇನ್ನೊಬ್ಬರ ಜೀವ ಹಗ್ಗಕ್ಕೆ ತೂಗಿಹಾಕಿ.

ಹೊಸ ಸೆನ್ಸರ್ ಬಂದ ಮೇಲೆ ಈಸೂರಿನ ಕಡೆಯ ಬಾವಿಯೊಂದಕ್ಕೆ ಹೋದೆವು. ನಾನು ಮೀಟರ್ ನೋಡಿ, ಇಳಿಯಬಹುದು ಎಂದೆ. ರಹೀಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಜೀಪಿನ ಸೈಲೆನ್ಸರಿಗೆ ಹಿಡಿದ. ಅದು ಕಿರುಚಿತು.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ," ಎಂದು ಹಗ್ಗ ಕಟ್ಟಿಕೊಂಡ.