ಚಿಪ್ಪಿನ ಕಲ್ಲಿನ ಪದರ

ಲುರಿಸ್ತಾನದ ಬೆಟ್ಟಗಳಲ್ಲಿ ನಲವತ್ತು ವರ್ಷ ನೀರಿನ ಸುರಂಗ ತೋಡಿದ ಖುದಾಮುರಾದ್ ಕೆಲಸಕ್ಕೆ ಬಿಳಿ ಬಟ್ಟೆಯನ್ನೇ ಉಡುತ್ತಿದ್ದ. ಸುರಂಗ ಕುಸಿದರೆ ಅದೇ ಕಫನ್, ಹೆಣಕ್ಕೆ ಹೊದಿಸುವ ಬಟ್ಟೆ. ಅಕ್ಷರ ಬಾರದು, ಕಲ್ಲು ಓದಬಲ್ಲ. ಯಾವ ಪದರ ಎತ್ತ ಬಾಗಿ ಮುಳುಗಿದೆ, ಎಲ್ಲಿ ತಲೆಯೆತ್ತುತ್ತದೆ ಎಂದು ಅಂಗೈಯಿಂದ ತಡವಿ ಹೇಳುತ್ತಿದ್ದ.

ಆ ವಸಂತ ತನ್ನೂರಿಗೇ ತೋಡಿದ. ಇಪ್ಪತ್ತೆರಡನೆಯ ದಿನ ಪಿಕಾಸಿಗೆ ಚಿಪ್ಪುಗಳು ತುಂಬಿದ ಬಿಳಿಕಲ್ಲು ಸಿಕ್ಕಿತು. ಕೈ ನಿಂತಿತು. ಬೆಟ್ಟದಾಚೆ, ತಂಗಿಯ ಊರಿನ ಬುಗ್ಗೆಯ ಬಾಯಲ್ಲೂ ಇದೇ ಕಲ್ಲು. ಅವಳ ಮದುವೆಯ ದಿನ ಅಲ್ಲೇ ಮುಖ ತೊಳೆದಿದ್ದ. ಪದರ ಬೆಟ್ಟದಡಿ ಜೋಲಿಯಂತೆ ಜೋತುಬಿದ್ದಿದೆ. ಜೋಲಿ ತುಂಬಿದ ನೀರು ಆಚೆಯ ಅಂಚಿನಿಂದ ತುಳುಕುತ್ತಿದೆ. ಈಚೆ, ಅದಕ್ಕಿಂತ ತಗ್ಗಿನಲ್ಲಿ, ತೂತು ಬಿದ್ದರೆ?

ಮೇಲೆ ಊರಿಗೂರೇ ಕಾಯುತ್ತಿತ್ತು. ಬೆಟ್ಟ ದೊಡ್ಡದು, ಇಬ್ಬರಿಗೂ ಸಾಕು ಎಂದುಕೊಂಡು ಹೊಡೆದ. ನೀರು ಬಂತು. ಊರು ಕುರಿ ಕೊಯ್ದಿತು. ಅವನಿಗೆ ಮಾಂಸ ಸೇರಲಿಲ್ಲ.

ತಿಂಗಳೊಳಗೆ ಆಚೆಯ ಬುಗ್ಗೆ ಬತ್ತಿದ ಸುದ್ದಿ. ಅವನು ಹೋದಾಗ ತಂಗಿ ಗುಲಂದಾಮ್, ಹೊಳೆಯಿಂದ ಕತ್ತೆಯ ಮೇಲೆ ಹೇರಿ ತಂದ ನೀರಲ್ಲಿ ಚಹಾ ಕಾಸಿದಳು.

"ಬಾರಣ್ಣ. ನಿಮ್ಮೂರಲ್ಲಿ ಕತ್ತೆಗೂ ದಿನಾ ಸ್ನಾನವಂತೆ?"

ಅವನು ನಗಲಿಲ್ಲ. "ಇಲ್ಲಿ ಯಾಕೆ ಬತ್ತಿತು ಅಂತಾರೆ?"

"ನನ್ನಿಂದಂತೆ. ಗಂಡ ಸತ್ತು ನಲವತ್ತು ದಿನ ಆಗೋ ಮೊದಲೇ ಬುಗ್ಗೇಲಿ ಉಣ್ಣೆ ತೊಳೆದೆನಂತೆ, ಬುಗ್ಗೆಗೆ ಸಿಟ್ಟು ಬಂತಂತೆ. ಹೆಂಗಸರು ಯಾರೂ ಮಾತಾಡಿಸಲ್ಲ. ಇರ್ಲಿ ಬಿಡು, ಕಿವಿಗೆ ತಂಪು." ಹೇಳುತ್ತಾ ಮುಖ ತಿರುಗಿಸಿಕೊಂಡಳು.

ಅವನು ಚಹಾ ಲೋಟ ಕೆಳಗಿಟ್ಟ. ಕೂತಿದ್ದ ಕಂಬಳಿಯನ್ನೆಳೆದು ಎರಡು ಅಂಚು ಎತ್ತಿ ಹಿಡಿದ. ನಡು ಜೋತುಬಿತ್ತು. "ಇದು ಬೆಟ್ಟದೊಳಗಿನ ಕಲ್ಲು. ಆ ಅಂಚು ನಿಮ್ಮ ಬುಗ್ಗೆ." ಗದ್ದದಿಂದ ಈಚೆಯ ಅಂಚಿನ ಕೆಳಗೆ ತೋರಿಸಿದ. "ಇಲ್ಲಿ ನನ್ನ ಪಿಕಾಸಿ."

ಅವಳು ಕಂಬಳಿಯನ್ನೇ ನೋಡಿದಳು. "ಹೊಡೆಯೋವಾಗ ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು."

ಅವಳು ಅವನ ಮುಂದಿದ್ದ ಚಹಾ ಲೋಟ ಎತ್ತಿ ಪಕ್ಕಕ್ಕಿಟ್ಟಳು.

"ನನ್ನ ಹತ್ರ ಹೇಳಿದ್ರೆ ಏನು ಬಂತು?" ಎಂದಳು. "ಹೋಗು, ಊರವರ ಹತ್ರ ಹೇಳು."

ಕಂಬಳಿ ಹೆಗಲಿಗೆ ಹಾಕಿಕೊಂಡು ಒಣಗಿದ ಬುಗ್ಗೆಯ ಬಳಿಗೆ ನಡೆದ. ಮೈಮೇಲೆ ಕೆಲಸದ ಬಿಳಿ ಬಟ್ಟೆಯೇ ಇತ್ತು. ಬೆಳಿಗ್ಗೆ ಯಾಕೆ ಉಟ್ಟೆನೆಂದು ಅವನಿಗೀಗ ತಿಳಿಯಿತು. ಗಂಡಸರು ಸುತ್ತ ಸೇರಿದರು, ಹೆಂಗಸರು ಹಿಂದೆ ನಿಂತರು. ಕಂಬಳಿ ಬಿಚ್ಚಿದರೆ ಒಂದಂಚು ಕೈಯಿಂದ ಜಾರಿತು.

ಅದು ನೆಲಕ್ಕೆ ಬೀಳಲಿಲ್ಲ. ಹಿಂದೆಯೇ ಬಂದಿದ್ದ ಗುಲಂದಾಮ್ ಹಿಡಿದಿದ್ದಳು, ಅವನ ಮುಖ ನೋಡದೆ.

"ಹೇಳು," ಎಂದಳು.